ಶ್ರುತಭಂಡಾರದ ಬಾಗಿಲು

(ಕೆಂಪಾಪುರದ ಜಿನಬಿಂಬ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)



ದೇವ, ಶಾಸ್ತ್ರ, ಗುರು ಈ ಮೂರನ್ನೂ ಒಟ್ಟಿಗೆ ಸ್ಮರಿಸಿ ಪೂಜಿಸುವುದು ಶ್ರಾವಕನ ವಿಧಿ. ಇವುಗಳಲ್ಲಿ ದೇವನಿಗೆ ಆಲಯವನ್ನೆತ್ತಿಸುವ ವಿಷಯದಲ್ಲಿ ಕನ್ನಡನಾಡಿನ ಜೈನ ಸಮಾಜವು ಯಾವ ಕಾಲದಲ್ಲಿಯೂ ಹಿಂದೆ ಬಿದ್ದುದಿಲ್ಲ. ಹೆಬ್ಬಾಳದ ಮಗ್ಗುಲಿನ ಈ ಕೆಂಪಾಪುರದಲ್ಲಿ, ನಾನಾ ಜಿಲ್ಲೆಗಳಿಂದ ಬಂದು ನೆಲೆಸಿದ ಕುಟುಂಬಗಳು ಕೂಡಿ ಇಂದು ಜಿನಬಿಂಬ ಪ್ರತಿಷ್ಠೆಯನ್ನು ನೆರವೇರಿಸುತ್ತಿರುವುದೇ ಅದಕ್ಕೆ ಸಾಕ್ಷಿಯಾಗಿದೆ. ಗುರುಗಳು ವಿಹಾರ ಮಾಡುತ್ತ ಬಂದರೆ ಊರಿಗೆ ಊರೇ ಎದುರ್ಗೊಳ್ಳುತ್ತದೆ. ಆದರೆ ಈ ಎರಡರ ನಡುವೆ ಕುಳಿತಿರುವ ಶಾಸ್ತ್ರದ ಗತಿ ಏನಾಗಿದೆ? ಅನೇಕ ಹಳೆಯ ಬಸದಿಗಳಲ್ಲಿ ಅದು ಒಂದು ಮರದ ಪೆಟ್ಟಿಗೆಯಲ್ಲಿ ಇದೆ. ಪೆಟ್ಟಿಗೆಗೆ ಬೀಗವಿದೆ. ಬೀಗದ ಕೈ ಯಾರ ಬಳಿ ಇದೆ ಎಂಬುದು ಕೆಲವು ಕಡೆ ಯಾರಿಗೂ ನೆನಪಿಲ್ಲ.

ಇದು ಯಾರನ್ನೂ ಆಕ್ಷೇಪಿಸುವ ಮಾತಲ್ಲ. ದೇಶದ ಹಳೆಯ ದಾಖಲೆಗಳನ್ನೆಲ್ಲ ಗಣಕಯಂತ್ರದ ಮೂಲಕ ಒಂದೆಡೆ ಕೂಡಿಸಿ, ಬೇಕಾದವರಿಗೆಲ್ಲ ಬೆಲೆಯಿಲ್ಲದೆ ಒದಗಿಸುವ ಕೆಲಸ ಈಗ ಹಲವು ಕಡೆ ನಡೆಯುತ್ತಿದೆ. ಕೇಂದ್ರ ಸರ್ಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. ರಾಷ್ಟ್ರೀಯ ಅಭಿಲೇಖಾಗಾರವು 2015ರಲ್ಲಿ ‘ಅಭಿಲೇಖ್ ಪಟಲ್’ ಎಂಬ ಜಾಲತಾಣವನ್ನು ತೆರೆದು, ದಿಲ್ಲಿಗೆ ಹೋಗದೆಯೇ ಹಳೆಯ ಸರ್ಕಾರಿ ಕಡತಗಳನ್ನು ಹುಡುಕಿ ನೋಡುವ ಅನುಕೂಲ ಕಲ್ಪಿಸಿತು. 2025ರ ಆಯವ್ಯಯದಲ್ಲಿ ‘ಜ್ಞಾನ ಭಾರತಂ’ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಮೀರಿದ ಹಸ್ತಪ್ರತಿಗಳ ಸಮೀಕ್ಷೆ ಹಾಗೂ ಸಂರಕ್ಷಣೆಯ ಸಂಕಲ್ಪ ಪ್ರಕಟವಾಯಿತು. ಈ ಮಹಾಕಾರ್ಯದಲ್ಲಿ ಜೈನ ಸಮಾಜದ ಪಾಲೇನು ಎಂಬುದೇ ಇಲ್ಲಿಯ ವಿಚಾರ. ಪಾಲು ದೊಡ್ಡದು. ಏಕೆಂದರೆ ಕನ್ನಡನಾಡಿನ ಪ್ರಾಚೀನ ಹಸ್ತಪ್ರತಿಗಳ ಬಹುಭಾಗವನ್ನು ಬರೆಯಿಸಿದವರೂ ಕಾಪಾಡಿದವರೂ ಜೈನ ಗೃಹಸ್ಥರು, ಮುನಿಗಳು, ಭಟ್ಟಾರಕರು.

ಹಾಗೆ ನೋಡಿದರೆ, ಮರೆತುಹೋಗುವ ಭಯದಿಂದ ಜ್ಞಾನವನ್ನು ಒಂದು ಆಧಾರದಿಂದ ಮತ್ತೊಂದು ಆಧಾರಕ್ಕೆ ದಾಟಿಸುವ ಕ್ರಿಯೆಗೆ ಒಂದು ಹಬ್ಬವನ್ನೇ ಮೀಸಲಿಟ್ಟವರು ಜೈನರು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮ ನಂತರ ಶ್ರುತವು ಲುಪ್ತವಾದೀತೆಂದು ಚಿಂತಿಸಿ, ದಕ್ಷಿಣಾಪಥದಿಂದ ಇಬ್ಬರು ಮುನಿಗಳನ್ನು ಕರೆಯಿಸಿಕೊಂಡು ಬೋಧಿಸಿದರು. ಆ ಪುಷ್ಪದಂತ, ಭೂತಬಲಿಗಳಿಂದ ಷಟ್ಖಂಡಾಗಮ ಗ್ರಂಥಸ್ಥವಾಯಿತು. ಅದು ಪೂರ್ಣಗೊಂಡು ಚತುರ್ವಿಧ ಸಂಘದಿಂದ ಪೂಜೆಗೊಂಡ ಜ್ಯೇಷ್ಠ ಶುಕ್ಲ ಪಂಚಮಿಯೇ ಶ್ರುತಪಂಚಮಿ. ಕಂಠದಲ್ಲಿದ್ದುದು ಗರಿಗೆ ಬಂದ ದಿನ ಅದು. ಕಂಠಪಾಠದ ಪಾವಿತ್ರ್ಯವನ್ನು ಬರೆಹವು ಕೆಡಿಸೀತೆಂದು ಆಗಲೂ ಯಾರಾದರೂ ಶಂಕಿಸಿರಬಹುದು. ಆ ಶಂಕೆ ಗೆದ್ದಿದ್ದರೆ ಇಂದು ಪೂಜಿಸಲು ಗ್ರಂಥವೇ ಇರುತ್ತಿರಲಿಲ್ಲ.

ಪ್ರತಿಷ್ಠೆಯ ಸಭೆಯೆಂದ ಮೇಲೆ ದಾನಚಿಂತಾಮಣಿ ಅತ್ತಿಮಬ್ಬೆಯ ಸ್ಮರಣೆ ಸಹಜ. ಲಕ್ಕುಂಡಿಯ ಬಸದಿ, ಅಲ್ಲಿಯ 1007ರ ಶಾಸನ, ರನ್ನನು 993ರಲ್ಲಿ ಮುಗಿಸಿದ ಅಜಿತಪುರಾಣ ಇವೆಲ್ಲವೂ ಆಕೆಯ ಕೀರ್ತಿಯನ್ನು ಸಾರುತ್ತಿವೆ. ಆಕೆ ಮಾಡಿಸಿ ಹಂಚಿದ 1500 ಜಿನಪ್ರತಿಮೆಗಳ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಅದೇ ಕೈ ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಬರೆಯಿಸಿ ದಾನ ಮಾಡಿತೆಂಬುದನ್ನು ಅಷ್ಟು ಒತ್ತಿ ಹೇಳುವವರು ಕಡಿಮೆ. ಮುದ್ರಣಯಂತ್ರ ಬರುವುದಕ್ಕೆ ಶತಮಾನಗಳ ಮುಂಚೆ ಒಂದು ಕನ್ನಡ ಕೃತಿಯ ಸಾವಿರ ಪ್ರತಿ! ಪೊನ್ನನು ಭುವನೈಕರಾಮಾಭ್ಯುದಯವೆಂಬ ಮತ್ತೊಂದು ಕಾವ್ಯವನ್ನೂ ಬರೆದಿದ್ದನು. ಶಾಂತಿಪುರಾಣ ಇಂದು ಓದಲು ಸಿಗುತ್ತದೆ; ಭುವನೈಕರಾಮಾಭ್ಯುದಯ ಸಿಗುವುದಿಲ್ಲ. ಉಳಿವು ಅಳಿವುಗಳಿಗೆ ಕಾರಣಗಳು ನೂರಿರುತ್ತವೆ, ಇದೊಂದರಿಂದಲೇ ಹಾಗಾಯಿತೆಂದು ಹೇಳುವುದು ದುಡುಕಾದೀತು. ಆದರೂ ಒಬ್ಬನೇ ಕವಿಯ ಎರಡು ಕೃತಿಗಳ ಈ ಎರಡು ಗತಿ ಯೋಚನೆಗೆ ಹಚ್ಚುವಂತಿದೆ.

ಈಗ ಮೂಡಬಿದಿರೆಯ ವೃತ್ತಾಂತಕ್ಕೆ ಬರೋಣ. ಇದನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು.

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ 816ರಲ್ಲಿ ಮುಗಿಯಿತು. ಕಷಾಯಪಾಹುಡಕ್ಕೆ ಅವರು ತೊಡಗಿಸಿ, ಶಿಷ್ಯರಾದ ಜಿನಸೇನರು ಪೂರೈಸಿದ ಜಯಧವಲಾ 837ರಲ್ಲಿ ಮುಗಿಯಿತು. ಧವಲಾ 72 ಸಾವಿರ, ಜಯಧವಲಾ 60 ಸಾವಿರ ಶ್ಲೋಕಪ್ರಮಾಣದ ಗ್ರಂಥಗಳು. ಪ್ರಾಕೃತ ಸಂಸ್ಕೃತಗಳ ಮಿಶ್ರಭಾಷೆಯ ಈ ಮಹಾಗ್ರಂಥಗಳು, ಭೂತಬಲಿಗಳ ಮಹಾಬಂಧದೊಡನೆ, ಕಾಲಕ್ರಮದಲ್ಲಿ ಭಾರತದಲ್ಲೆಲ್ಲ ಕಾಣದಂತಾಗಿ ಒಂದೇ ಒಂದು ಸ್ಥಳದಲ್ಲಿ ಉಳಿದವು. ಅದು ಮೂಡಬಿದಿರೆಯ ಸಿದ್ಧಾಂತ ಬಸದಿ. ಉಳಿದ ಲಿಪಿ ಹಳಗನ್ನಡ ಲಿಪಿ. ಹನ್ನೆರಡನೆಯ ಶತಮಾನದ ಆರಂಭದ ಆ ತಾಳೆಗರಿಗಳು ಕಂಟದಿಂದ ಕೊರೆದವಲ್ಲ, ಮಸಿಯಿಂದ ಬರೆದವು. ಕೆಲವು ಗರಿಗಳಲ್ಲಿ ವರ್ಣಚಿತ್ರಗಳೂ ಇವೆ. ಮಹಾಬಂಧದ ಪ್ರತಿಯನ್ನು ಬರೆಯಿಸಿದವಳು ಮಲ್ಲಿಕಬ್ಬೆಯೆಂಬ ಶ್ರಾವಿಕೆ. ಪಂಚಮೀ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂದು ಅದರ ಪ್ರಶಸ್ತಿ ತಿಳಿಸುತ್ತದೆ. ದಿಗಂಬರ ಸಂಪ್ರದಾಯದ ಮೂಲಾಗಮವು ಸಮಸ್ತ ದೇಶಕ್ಕೆ ಉಳಿದದ್ದು ಕನ್ನಡ ಲಿಪಿಕಾರರ ಮಸಿಯಿಂದ, ಕನ್ನಡ ಶ್ರಾವಿಕೆಯರ ವ್ರತದಿಂದ ಎಂಬುದನ್ನು ಈ ಮಕ್ಕಳಿಗೆ ಹೇಳಿಕೊಟ್ಟರೆ ಅದೇ ಒಂದು ಪಾಠ.

ಗ್ರಂಥಗಳಿದ್ದವು, ಆದರೆ ಓದುವವರಿರಲಿಲ್ಲ. ಯಾತ್ರಿಕರು ದೂರದಿಂದ ದರ್ಶನ ಮಾಡಿ, ಕಾಣಿಕೆಯಿಟ್ಟು, ಕೈಮುಗಿದು ಹೋಗುತ್ತಿದ್ದರು. ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಸೇಠ್ ಹಿರಾಚಂದ್ ನೇಮಚಂದ್ ಇವರ ಪ್ರಯತ್ನದಿಂದ 1896ರಲ್ಲಿ ಪ್ರತಿ ಮಾಡುವ ಕೆಲಸಕ್ಕೆ ಒಪ್ಪಿಗೆ ದೊರೆಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜದ ಗಜಪತಿ ಶಾಸ್ತ್ರಿಗಳೂ ಬರೆಯಲು ನಿಂತರು. ಬ್ರಹ್ಮಸೂರಿ ಶಾಸ್ತ್ರಿಗಳು ಕೆಲಸದ ನಡುವೆಯೇ ತೀರಿಕೊಂಡರು. ನಾಗರಿಯಲ್ಲೂ ಕನ್ನಡದಲ್ಲೂ ಪ್ರತಿಗಳು ಪೂರ್ಣವಾಗುವ ವೇಳೆಗೆ 1922 ಬಂದಿತ್ತು. ಇಪ್ಪತ್ತಾರು ವರ್ಷ! ಆಗಲೂ ಕರಾರು ಏನೆಂದರೆ, ಪ್ರತಿಗಳು ಮೂಡಬಿದಿರೆಯನ್ನು ಬಿಟ್ಟು ಹೊರಗೆ ಹೋಗತಕ್ಕದ್ದಲ್ಲ.

ಆದರೆ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡಿದ್ದರು. ಅದು ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಾವೂ ಒಂದು ಪ್ರತಿಯನ್ನಿಟ್ಟುಕೊಂಡರು. ಅದರಿಂದ ಇನ್ನಷ್ಟು ಪ್ರತಿಗಳಾಗಿ ಹಲವು ಊರುಗಳಿಗೆ ಹರಡಿದವು. ಅವುಗಳ ಆಧಾರದಿಂದಲೇ ಅಮರಾವತಿಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ್ ಜೈನರು 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಪ್ರಕಟಿಸಿದರು. ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ. ನೇ. ಉಪಾಧ್ಯೆಯವರು ಅವರಿಗೆ ಹೆಗಲು ಕೊಟ್ಟರು. ಸುಮಾರು ಎರಡು ದಶಕಗಳಲ್ಲಿ 16 ಸಂಪುಟಗಳು ಹೊರಬಂದವು.

ಗಜಪತಿ ಶಾಸ್ತ್ರಿಗಳ ನಡೆಯನ್ನು ಹೇಗೆ ಎಣಿಸಬೇಕು? ಕೊಟ್ಟ ಮಾತಿಗೆ ತಪ್ಪಿದ್ದು ತಪ್ಪೇ. ಅಚೌರ್ಯವ್ರತದ ಕಣ್ಣಿನಿಂದ ನೋಡಿದರೆ ಅದಕ್ಕೆ ಸಮರ್ಥನೆಯಿಲ್ಲ. ಮೂಡಬಿದಿರೆಯ ಭಟ್ಟಾರಕರು, ಪಂಚರು ಬಿಗಿಯಾಗಿದ್ದುದಕ್ಕೂ ಕಾರಣವಿತ್ತು. ಎಂಟು ಶತಮಾನ ಮಳೆ, ಗೆದ್ದಲು, ರಾಜ್ಯಪಲ್ಲಟಗಳ ನಡುವೆ ಬೇರೆಲ್ಲಿಯೂ ಉಳಿಯದ ಗ್ರಂಥ ಅಲ್ಲಿ ಉಳಿದದ್ದು ಆ ಬಿಗಿಯಿಂದಲೇ. ಕಾಪಾಡಿದವರನ್ನು ‘ಬಚ್ಚಿಟ್ಟವರು’ ಎಂದು ಹಳಿಯುವುದು ಕೃತಘ್ನತೆ. ಆದರೆ ಗುಟ್ಟಿನ ಆ ಪ್ರತಿ ಹೊರಬಾರದೆ ಇದ್ದಿದ್ದರೆ ಮುದ್ರಣವಾಗಲು ಇನ್ನೆಷ್ಟು ಕಾಲ ಕಾಯಬೇಕಿತ್ತೋ! ಒಳ್ಳೆಯ ಕಾವಲುಗಾರನೂ ಒಳ್ಳೆಯ ಲಿಪಿಕಾರನೂ ಎದುರುಬದುರಾಗಿ ನಿಲ್ಲಬೇಕಾಗಿ ಬಂದದ್ದೇ ಅಂದಿನ ದುರ್ದೈವ. ಇಂದು ಅವರಿಬ್ಬರಲ್ಲಿ ಜಗಳಕ್ಕೆ ಕಾರಣವಿಲ್ಲ. ಗರಿ ಪೆಟ್ಟಿಗೆಯನ್ನು ಬಿಟ್ಟು ಕದಲಬೇಕಾಗಿಲ್ಲ. ಅದರ ಚಿತ್ರ ಮಾತ್ರ ಹೊರಗೆ ಹೋಗುತ್ತದೆ. ಇಪ್ಪತ್ತಾರು ವರ್ಷ ಹಿಡಿದ ಕೆಲಸ ಒಪ್ಪಿಗೆಯೊಂದಿದ್ದರೆ ಕೆಲವೇ ವಾರಗಳದ್ದಾಗುತ್ತದೆ.

ಚಿತ್ರವೇ ಏಕೆ, ಮುದ್ರಿತ ಪುಸ್ತಕ ಸಾಲದೇ ಎಂದು ಕೇಳುವವರಿದ್ದಾರೆ. ಇದಕ್ಕೂ ಧವಲಾದಲ್ಲಿಯೇ ಉತ್ತರವಿದೆ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಇರಬೇಕೋ ಬೇಡವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ಚರ್ಚೆ ಎದ್ದಿತು. ಉತ್ತರದ ಪ್ರತಿಗಳಲ್ಲಿ ಆ ಪದ ಇರಲಿಲ್ಲ. ಸಂದರ್ಭವನ್ನು ನೋಡಿ ಇರಬೇಕೆಂದು ಸಂಪಾದಕರು ಊಹಿಸಿದ್ದರು. ಸಿದ್ಧಾಂತದ ದೃಷ್ಟಿಯಿಂದ ಬಹಳ ತೂಕವಿದ್ದ ಪದವದು. ಮುಂದೆ ಮೂಡಬಿದಿರೆಯವರು ಉದಾರವಾಗಿ ಮೂಲವನ್ನು ನೋಡಲು ಅವಕಾಶವಿತ್ತರು. ಪಂಡಿತ ಲೋಕನಾಥ ಶಾಸ್ತ್ರಿಗಳಂಥವರು ಗರಿಗಳೊಡನೆ ಪಾಠವನ್ನು ತಾಳೆ ನೋಡಿ ತಿಳಿಸುವಂತಾಯಿತು. ತಾಡಪತ್ರದಲ್ಲಿ ಆ ಪದ ಇತ್ತು. ಪ್ರತಿಯ ಪ್ರತಿಯ ಪ್ರತಿಯಲ್ಲಿ ಎಲ್ಲಿಯೋ ಒಬ್ಬ ಲಿಪಿಕಾರನ ಕಣ್ಣು ಜಾರಿತ್ತು. ಅರ್ಥವನ್ನು ಕುರಿತ ವಾದ ಅದರಿಂದ ಮುಗಿಯಿತೆಂದಲ್ಲ, ಆದರೆ ಗರಿಯಲ್ಲಿ ಏನಿದೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಗರಿಯ ಸ್ಪಷ್ಟ ಚಿತ್ರ ಎಲ್ಲರ ಮುಂದೆಯೂ ಇದ್ದಿದ್ದರೆ ವರ್ಷಗಳ ಬಿಸಿಮಾತು ಒಂದು ಮಧ್ಯಾಹ್ನದಲ್ಲಿ ತಣಿಯುತ್ತಿತ್ತು.

ಗರಿಯ ಮಾತು ಇಷ್ಟಾಯಿತು. ಇನ್ನು ಕಲ್ಲಿನ ಮಾತು. ಇದು ಕೆಂಪಾಪುರಕ್ಕೆ ಇನ್ನೂ ಹತ್ತಿರದ್ದು.

ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯದು ಒಂಬತ್ತನೆಯ ಸಂಪುಟ. ಇಂಥ ಸಂಗ್ರಹ ಒಮ್ಮೆಗೇ ಮುಗಿಯುವುದಲ್ಲ ಎಂಬುದಕ್ಕೆ ಶ್ರವಣಬೆಳಗೊಳವೇ ಒಳ್ಳೆಯ ನಿದರ್ಶನ. 1889ರಲ್ಲಿ ರೈಸರು ಅಲ್ಲಿಯ 144 ಶಾಸನಗಳನ್ನು ಅಚ್ಚು ಮಾಡಿದರು; 1923ರಲ್ಲಿ ಆರ್. ನರಸಿಂಹಾಚಾರ್ಯರ ಆವೃತ್ತಿಯಲ್ಲಿ ಅವು 500 ಆದವು. 1973ರ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573. ಬಂಡೆ ಬೆಳೆಯಲಿಲ್ಲ, ನೋಡುವ ಕಣ್ಣು ಬೆಳೆಯಿತು. ಬೆಂಗಳೂರಿನಲ್ಲಾದರೋ ಇದಕ್ಕೆ ವಿರುದ್ಧವಾದುದು ನಡೆಯಿತು. ರೈಸರು ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಕಂಡು ಬರೆದುಕೊಂಡ ಎಷ್ಟೋ ಕಲ್ಲುಗಳು ಇಂದು ಅಲ್ಲಿಲ್ಲ. ಊರು ಬೆಳೆಯಿತು, ಹೊಲ ಬಡಾವಣೆಯಾಯಿತು, ಕಲ್ಲು ಅಡಿಪಾಯಕ್ಕೆ ಹೋಯಿತು. ಹಲವು ಶಾಸನಗಳಿಗೆ ಈಗ ರೈಸರ ಪುಸ್ತಕದ ಪುಟವೇ ಉಳಿದಿರುವ ದೇಹ.

ಆದರೆ ಹೋದದ್ದೆಲ್ಲ ಹೋಯಿತೆನ್ನುವಂತೆಯೂ ಇಲ್ಲ. 2018ರಲ್ಲಿ ಪಕ್ಕದ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ಒಂದು ವೀರಗಲ್ಲು ಸಿಕ್ಕಿತು. ಗಂಗದೊರೆ ಶ್ರೀಪುರುಷನ ಕಾಲದ, ಸುಮಾರು 750ರ ಕನ್ನಡ ಶಾಸನವದು. ಕಿತ್ತಯ್ಯನೆಂಬ ವೀರನು ಕಾದಿ ಮಡಿದುದನ್ನು ಅದು ಹೇಳುತ್ತದೆ; ‘ಪೆರ್ಬೊಳಲ್ನಾಡು ಮೂವತ್ತು’ ಎಂಬ ಆಡಳಿತ ವಿಭಾಗವನ್ನು ಹೆಸರಿಸುತ್ತದೆ. ಬೆಂಗಳೂರು ನಗರದಲ್ಲಿ ಈವರೆಗೆ ದೊರೆತಿರುವ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಪರಿಗಣಿತವಾಗಿದೆ. ಸಿಂಹನಂದಿ ಆಚಾರ್ಯರ ಆಶೀರ್ವಾದದಿಂದ ನೆಲೆಗೊಂಡಿತೆಂದು ಹೇಳಲಾಗುವ ಗಂಗರಾಜ್ಯದ ಮೊಹರು ಹೀಗೆ ಈ ಬಸದಿಯಿಂದ ನಡೆದುಹೋಗುವಷ್ಟು ದೂರದಲ್ಲಿ ನೆಲದೊಳಗೆ ಮಲಗಿತ್ತು. ಗುದ್ದಲಿ ಹಿಡಿದವರು ಅದನ್ನು ಒಡೆದು ಬದಿಗೆ ಎಸೆದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಗಮನಿಸಿದವರಿದ್ದರು, ತಿಳಿದವರಿಗೆ ಹೇಳಿದರು, ಆಸಕ್ತರು ಕೂಡಿ ಅದಕ್ಕೊಂದು ಮಂಟಪವನ್ನೂ ಕಟ್ಟಿಸಿದರು.

ಬೆಂಗಳೂರಿನ ದಕ್ಷಿಣದ ಬೇಗೂರಿನಲ್ಲಿ ಸುಮಾರು 890ರ ವೀರಗಲ್ಲೊಂದು ‘ಬೆಂಗಳೂರು ಕಾಳಗ’ವನ್ನು ಹೆಸರಿಸಿ ಪ್ರಸಿದ್ಧವಾಗಿದೆ. ಅದೇ ಬೇಗೂರಿನ ಇನ್ನೊಂದು ಶಾಸನ, ಅಲ್ಲಿಯ ಅಧಿಕಾರಿ ನಾಗತ್ತರನ ಮಗಳು ತೊಂಡಬ್ಬೆಯ ಸಲ್ಲೇಖನವನ್ನು ದಾಖಲಿಸುತ್ತದೆ. ಬೆಂಗಳೂರಿನ ಹೆಸರಿನ ಹಿರಿಮೆಗೆ ಮೊದಲ ಕಲ್ಲು. ಈ ನೆಲದ ಶ್ರಾವಿಕೆಯೊಬ್ಬಳ ಸಮಾಧಿಮರಣಕ್ಕೆ ಎರಡನೆಯದು. ಮೊದಲನೆಯದು ಪಠ್ಯಪುಸ್ತಕದವರೆಗೆ ಹೋಯಿತು. ಎರಡನೆಯದನ್ನು ಜೈನರೇ ಅರಿಯರು! ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ನಂದಿಯ ಬಳಿಯ ಗೋಪಿನಾಥ ಬೆಟ್ಟದ ಮೇಲೆ ಅರ್ಹಂತರ ಚೈತ್ಯಾಲಯವಿದ್ದುದನ್ನು ಹೇಳುವ ಬಂಡೆಬರಹವಿದೆ. ಆ ದಾರಿಯಲ್ಲಿ ಪ್ರತಿ ಭಾನುವಾರ ವಿಹಾರಕ್ಕೆ ಹೋಗುವವರು ಅಸಂಖ್ಯ.

ಇಂಥ ಕಲ್ಲುಗಳಿಗಾಗಿ ಬೆಂಗಳೂರಿನಲ್ಲಿಯೇ ಒಂದು ಮಾದರಿ ಕೆಲಸ ನಡೆದಿದೆ. ನೃಪತುಂಗ ರಸ್ತೆಯಲ್ಲಿರುವ, 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯು ಪಿ. ಎಲ್. ಉದಯಕುಮಾರ್ ಅವರ ನೇತೃತ್ವದಲ್ಲಿ 2021ರಲ್ಲಿ ಬೆಂಗಳೂರು ಪ್ರದೇಶದ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣೆಯನ್ನು ಕೈಗೊಂಡಿತು. ಹಿಂದೆ ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು, ಮಸಿ ಸವರಿ ಪಡಿಯಚ್ಚು ತೆಗೆಯುತ್ತಿದ್ದರು. ಈಗ ಕೈಯಲ್ಲಿ ಹಿಡಿಯುವ ಯಂತ್ರವೊಂದು ಬೆಳಕನ್ನು ಬೀರಿ ಕಲ್ಲಿನ ಮೈಯ ಉಬ್ಬುತಗ್ಗುಗಳನ್ನೆಲ್ಲ ಅಳೆದುಕೊಳ್ಳುತ್ತದೆ. ಗಣಕದ ಪರದೆಯ ಮೇಲೆ ಆ ಕಲ್ಲನ್ನು ತಿರುಗಿಸಬಹುದು, ಬಣ್ಣವನ್ನು ಕಳಚಬಹುದು, ನೆರಳನ್ನು ಬೇಕಾದ ಕಡೆಯಿಂದ ಬೀಳಿಸಬಹುದು. ಬರಿಗಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರ ಹಾಗೆ ನೋಡಿದಾಗ ಎದ್ದು ಬರುತ್ತದೆ. ರೈಸರು ಕಾಣದಿದ್ದ ಶಾಸನಗಳೂ ಈ ಹುಡುಕಾಟದಲ್ಲಿ ದೊರೆತವು. ಶಾಸನಗಳ ಅಕ್ಷರಗಳನ್ನು ಬಿಡಿಬಿಡಿಯಾಗಿ ಕಲೆಹಾಕಿದ ‘ಅಕ್ಷರ ಭಂಡಾರ’ವೂ ಸಿದ್ಧವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಈ ಸಂಪತ್ತನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದು, ಬಳಸಬಹುದು. ಬಸದಿಗಳಲ್ಲಿರುವ ಶಾಸನ, ನಿಷಿಧಿ, ಪ್ರತಿಮೆಯ ಪೀಠಬರಹಗಳಿಗೆಲ್ಲ ಇಂಥ ಕೆಲಸ ನಾಡಿನಾದ್ಯಂತ ಆಗಬೇಕಾಗಿದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳೆಯ ಬರಹದ ಕಲ್ಲಿಗೆ ಎಣ್ಣೆಬಣ್ಣ ಬಳಿಯುವ, ಮೆಟ್ಟಿಲಿಗೆ ಹಾಸುವ ಪ್ರಸಂಗಗಳು ಇನ್ನೂ ನಿಂತಿಲ್ಲ. ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು.

ಕಾಗದದ ವಿಷಯದಲ್ಲಿಯೂ ಉದ್ಯೋಗಶೀಲರಿದ್ದಾರೆ. ‘ಸಂಚಯ’ದ ಓಂಶಿವಪ್ರಕಾಶ್ ಮೊದಲಾದವರು ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ಹೆಸರಿನಲ್ಲಿ ಬೆಂಗಳೂರಿನಲ್ಲಿ ಹಳೆಯ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಪುಟಪುಟವಾಗಿ ಚಿತ್ರ ತೆಗೆದು ‘ಇಂಟರ್ನೆಟ್ ಆರ್ಕೈವ್’ನಲ್ಲಿ ಎಲ್ಲರಿಗೂ ಸಿಗುವಂತೆ ಇಡುತ್ತಿದ್ದಾರೆ. ಲೇಖಕನು ತೀರಿಕೊಂಡು 60 ವರ್ಷ ಕಳೆದ ಕೃತಿಗಳಿಗೆ ಭಾರತದ ಕಾನೂನಿನಂತೆ ಗ್ರಂಥಸ್ವಾಮ್ಯವಿಲ್ಲ. ಆದ್ದರಿಂದ ಅಜ್ಜಂದಿರ ಕಾಲದ ಜೈನ ಮಾಸಪತ್ರಿಕೆ, ಪೂಜಾಪುಸ್ತಕ, ವ್ರತಕಥೆಗಳಲ್ಲಿ ಎಷ್ಟೋ ಇಂದು ಮುಕ್ತವಾಗಿವೆ. ಅವು ಎಲ್ಲಿವೆ? ಇಲ್ಲಿ ಕುಳಿತಿರುವವರ ಊರಮನೆಗಳ ಅಟ್ಟದಲ್ಲಿವೆ. ಹಿರಿಯರು ತೀರಿಕೊಂಡ ಮೇಲೆ ಮನೆ ಮಾರುವಾಗ ಪಾತ್ರೆಪಗಡಗಳನ್ನು ಎಣಿಸಿ ಹಂಚಿಕೊಳ್ಳುತ್ತಾರೆ. ಕಡತ, ಕ್ರಯಪತ್ರ, ಬಸದಿಯ ಜಮಾಖರ್ಚಿನ ಪುಸ್ತಕಗಳನ್ನು ರದ್ದಿಯವನಿಗೆ ತೂಕಕ್ಕೆ ಹಾಕುತ್ತಾರೆ. ಒಂದು ಬಸದಿಯ ನೂರು ವರ್ಷದ ಜಮಾಖರ್ಚು ಎಂದರೆ ಆ ಊರಿನ ಅಕ್ಕಿಯ ಬೆಲೆ, ಮಳೆ ತಪ್ಪಿದ ವರ್ಷ, ಕಂಚುಗಾರರ ಕೂಲಿ, ಉತ್ಸವಕ್ಕೆ ಯಾವ ಜಾತಿಯವರು ಯಾವ ಸೇವೆ ಮಾಡುತ್ತಿದ್ದರೆಂಬ ವಿವರ ಎಲ್ಲವೂ ಹೌದು. ಇತಿಹಾಸಕಾರನಿಗೆ ಅದು ಪುರಾಣಕ್ಕಿಂತ ಕಡಿಮೆಯದಲ್ಲ.

ಇನ್ನು ಆಕ್ಷೇಪಗಳು. ಪವಿತ್ರ ಗ್ರಂಥವನ್ನು ಯಾರು ಯಾರೋ, ಶುಚಿಯಿಲ್ಲದ ಸ್ಥಳದಲ್ಲಿ, ಕೈಬೆರಳಿನಿಂದ ಸರಿಸಿ ನೋಡುವುದು ಆಶಾತನೆಯಲ್ಲವೇ ಎಂಬುದು ಹಿರಿಯರ ಪ್ರಾಮಾಣಿಕ ಸಂದೇಹ. ಗೌರವದಿಂದಲೇ ಉತ್ತರಿಸಬೇಕಾದ ಸಂದೇಹವಿದು. ಅದೇ ಗ್ರಂಥ ಅಚ್ಚಾದಾಗಲೂ ಇದೇ ಶಂಕೆ ಎದ್ದಿತ್ತು. ಇಂದು ಅಚ್ಚಿನ ಪುಸ್ತಕವನ್ನೇ ಸ್ವಾಧ್ಯಾಯಪೀಠದ ಮೇಲಿಟ್ಟು ಓದುತ್ತಾರೆ. ಗೆದ್ದಲು ತಿನ್ನುವಂತೆ ಬಿಟ್ಟರೆ ಅದಕ್ಕಿಂತ ದೊಡ್ಡ ಆಶಾತನೆ ಯಾವುದು? ವ್ಯಾಪಾರಿಗಳು ಚಿತ್ರಗಳನ್ನು ಬಳಸಿ ಹಣ ಮಾಡಿಕೊಂಡಾರೆಂಬುದು ಇನ್ನೊಂದು ಭಯ. ಬೆಲೆಯಿಲ್ಲದೆ ಎಲ್ಲರಿಗೂ ಸಿಗುವ ವಸ್ತುವನ್ನು ಬೆಲೆಗೆ ಮಾರುವುದು ಕಷ್ಟ. ಬೀಗದೊಳಗಿನ ವಸ್ತುವಿಗೇ ಕಳ್ಳಸಂತೆಯಲ್ಲಿ ಬೆಲೆ ಹೆಚ್ಚು. ಅಷ್ಟೇ ಅಲ್ಲ, ಚಿತ್ರವಿದ್ದ ಪ್ರತಿಮೆ ಅಥವಾ ಗರಿಕಟ್ಟು ಕಳುವಾದರೆ ಇದು ನಮ್ಮದೆಂದು ಸ್ಥಾಪಿಸಲು ಆಧಾರವಿರುತ್ತದೆ. ಆದರೆ ಎಲ್ಲವನ್ನೂ ಬಯಲಿಗಿಡಬೇಕೆಂದು ಹಟ ಹಿಡಿಯುವುದೂ ಸರಿಯಲ್ಲ. ಜೀವಂತ ವ್ಯಕ್ತಿಗಳ ಖಾಸಗಿ ಪತ್ರ, ಮನೆತನದ ವ್ಯಾಜ್ಯದ ಕಾಗದ ಇವುಗಳನ್ನು ಚಿತ್ರ ತೆಗೆದು ಕಾಲ ಬರುವವರೆಗೆ ತೆಗೆದಿರಿಸುವುದೇ ವಿವೇಕ.

ಗಣಕಯಂತ್ರಕ್ಕೆ ಹಾಕಿದ ಮಾತ್ರಕ್ಕೆ ಶಾಶ್ವತವಾಯಿತೆಂಬ ಭ್ರಮೆಯೂ ಬೇಡ. ತಾಳೆಗರಿ ಎಂಟುನೂರು ವರ್ಷ ಬಾಳಿದೆ. ಗಣಕದ ತಟ್ಟೆ ಕೆಲವೇ ವರ್ಷಗಳಲ್ಲಿ ಕೆಟ್ಟು ಕೂರಬಹುದು. ಆದಕಾರಣ ಬಲ್ಲವರು ಮೂರು ಪ್ರತಿ ಇಡಬೇಕೆನ್ನುತ್ತಾರೆ. ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದಾದರೂ ಬೇರೆ ಊರಿನಲ್ಲಿ. ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ಇಳಿಸಬೇಕು. ಇದು ಹೊಸ ಮಾತೇನಲ್ಲ. ಗರಿ ಶಿಥಿಲವಾದಾಗ ಹೊಸ ಗರಿಗೆ ಬರೆಯಿಸುತ್ತಿದ್ದ ಹಳೆಯ ಪದ್ಧತಿಯೇ. ಚಿತ್ರವನ್ನು ಅಂಗುಲಕ್ಕೆ 300 ಚುಕ್ಕೆಗಿಂತ ಕಡಿಮೆಯಿಲ್ಲದಂತೆ, ಗರಿಯಾದರೆ ಅದರ ಇಮ್ಮಡಿಯಾಗಿ ತೆಗೆಯಬೇಕು. ಗರಿಯ ಎರಡೂ ಮಗ್ಗುಲು, ಅಂಚು, ದಾರದ ರಂಧ್ರ ಎಲ್ಲವೂ ಕಾಣಬೇಕು, ಪಕ್ಕದಲ್ಲಿ ಅಳತೆಪಟ್ಟಿ ಇರಬೇಕು. ಕಲ್ಲಿಗಾದರೆ ಸಂಜೆಗತ್ತಲೆಯಲ್ಲಿ ದೀಪವನ್ನು ಒಂದು ಮಗ್ಗುಲಿನಿಂದ ಓರೆಯಾಗಿ ಹಿಡಿದರೆ ಕೈಯ ಫೋನಿನಲ್ಲಿಯೇ ಓದಬಲ್ಲ ಚಿತ್ರ ಬರುತ್ತದೆ.

ಚಿತ್ರಕ್ಕಿಂತ ಮಿಗಿಲಾದದ್ದು ಅದರೊಡನೆ ಬರೆದಿಡುವ ವಿವರ. ಹೆಸರಿಲ್ಲದ ಹತ್ತು ಸಾವಿರ ಚಿತ್ರಗಳ ರಾಶಿ ಭಂಡಾರವಲ್ಲ, ಇನ್ನೊಂದು ಬಗೆಯ ಅಟ್ಟ ಅಷ್ಟೆ. ಈ ವಿಷಯದಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳೇ ಮಾರ್ಗದರ್ಶಿ. ಮೂಡಬಿದಿರೆ, ಕಾರ್ಕಳ ಮೊದಲಾದೆಡೆಯ ಭಂಡಾರಗಳ ಗರಿಕಟ್ಟುಗಳನ್ನು ಬಿಚ್ಚಿ, ಗ್ರಂಥದ ಹೆಸರು, ಕರ್ತೃ, ಭಾಷೆ, ಲಿಪಿ, ಗರಿಗಳ ಸಂಖ್ಯೆ ಇವನ್ನೆಲ್ಲ ಗುರುತಿಸಿ ಅವರು ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು 1948ರಲ್ಲಿ ಭಾರತೀಯ ಜ್ಞಾನಪೀಠ ಪ್ರಕಟಿಸಿತು. ಗಣಕವಿಲ್ಲ, ವಿದ್ಯುತ್ತೂ ಎಲ್ಲೆಡೆ ಇರಲಾರದ ಕಾಲ. ಇಂದು ಯಾವ ಯಂತ್ರವನ್ನು ತಂದಿಟ್ಟರೂ ಅಂಥ ಸೂಚಿಯನ್ನು ಬರೆಯಲು ಹಳೆಯ ಲಿಪಿಯನ್ನು ಓದಬಲ್ಲವರೇ ಬೇಕು. ಅವರ ಸಂಖ್ಯೆ ವರ್ಷವರ್ಷಕ್ಕೆ ಇಳಿಯುತ್ತಿದೆ. ಈ ಬಸದಿಯ ಪಾಠಶಾಲೆಯಲ್ಲಿ ವಾರಕ್ಕೊಂದು ಗಂಟೆ ಹಳಗನ್ನಡ ಲಿಪಿಯನ್ನು ಕಲಿಸಲು ಆಗದೇ? ಹತ್ತು ಮಕ್ಕಳಲ್ಲಿ ಇಬ್ಬರು ಹಿಡಿದರೂ ಸಾಕು.

ಹೊಸ ಬಸದಿಯಲ್ಲಿ ಹಳೆಯ ಗರಿಕಟ್ಟು ಇರಲಾರದು, ನಿಜ. ಆದರೆ ಇಲ್ಲಿಯ ಪ್ರತಿ ಕುಟುಂಬಕ್ಕೂ ಒಂದು ಊರಿದೆ, ಆ ಊರಿನಲ್ಲೊಂದು ಹಳೆಯ ಬಸದಿಯಿದೆ. ಶ್ರುತಪಂಚಮಿಯಂದು ಅಲ್ಲಿ ಪೆಟ್ಟಿಗೆಯನ್ನು ತೆಗೆಯುತ್ತಾರೆ. ಕಟ್ಟುಗಳನ್ನು ಬಿಚ್ಚಿ, ಧೂಳು ಒರಸಿ, ಗಾಳಿಗೆ ಹರಡಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಪೂಜಿಸಿ, ಹೊಸ ವಸ್ತ್ರದಲ್ಲಿ ಮತ್ತೆ ಕಟ್ಟುತ್ತಾರೆ. ವರ್ಷದಲ್ಲಿ ಆ ಒಂದು ದಿನ ಗರಿಗಳು ಬೆಳಕಿನಲ್ಲಿರುತ್ತವೆ. ಬರುವ ಜ್ಯೇಷ್ಠ ಶುಕ್ಲ ಪಂಚಮಿಗೆ ಊರಿಗೆ ಹೋಗುವವರು ಪುರೋಹಿತರ, ಮೊಕ್ತೇಸರರ ಒಪ್ಪಿಗೆಯನ್ನು ಮುಂಚಿತವಾಗಿ ಕೇಳಿ ಪಡೆಯಲಿ. ಕ್ಯಾಮೆರಾ ಬಲ್ಲ ಒಬ್ಬ ಹುಡುಗನನ್ನೂ ಲಿಪಿ ಬಲ್ಲ ಒಬ್ಬ ಹಿರಿಯರನ್ನೂ ಜೊತೆಗೆ ಕರೆದೊಯ್ಯಲಿ. ಪೂಜೆ ಮುಗಿದ ಮೇಲೆ, ಕಟ್ಟನ್ನು ಮತ್ತೆ ವಸ್ತ್ರದಲ್ಲಿ ಸುತ್ತುವುದಕ್ಕೆ ಮುಂಚೆ, ಗರಿಗಳನ್ನು ಒಂದೊಂದಾಗಿ ಬಿಳಿಯ ಬಟ್ಟೆಯ ಮೇಲಿರಿಸಿ ಚಿತ್ರ ತೆಗೆದುಕೊಳ್ಳಲಿ.